6ಜಿ ಎಡ್ಜ್ ಎಐ: ಪ್ರೈವೆಸಿ ಕಡ್ಡಾಯ ಆಗ್ಲಿ

ಸಂಪಾದಕರೇ, ನಮಸ್ಕಾರ.

6ಜಿ ಬಗ್ಗೆ ಎಲ್ಲಿ ಓದಿದ್ರೂ ಸ್ಪೀಡ್ ಮಾತೇ, ಪಿಕ್ಚರ್ ಎಷ್ಟು ಸೆಕೆಂಡಲ್ಲಿ ಡೌನ್‌ಲೋಡ್ ಆಗುತ್ತೆ ಅನ್ನೋದೇ. ನನಗೆ ಚಿಂತೆ ಹತ್ತಿರೋದು ಬೇರೆ ವಿಷಯಕ್ಕೆ. 2023ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 6ಜಿಗೆ ಅಂತ ಐಎಂಟಿ-2030 ಅನ್ನೋ ಚೌಕಟ್ಟು ಒಪ್ಕೊಂಡಿತಲ್ಲ, ಅದರಲ್ಲಿರೋ 6 ಬಳಕೆಗಳಲ್ಲಿ ಎಐ ಮತ್ತು ಸಂಪರ್ಕ ಒಟ್ಟಿಗೆ ಸೇರೋದೂ ಒಂದು, ಅಂದ್ರೆ ಟವರ್ ಹತ್ರದ ಸರ್ವರ್, ಜೇಬಲ್ಲಿರೋ ಫೋನ್ ಎಲ್ಲಾ ಸೇರ್ಕೊಂಡು ಕಲಿಯೋದು, ತೀರ್ಮಾನ ತಗೊಳ್ಳೋದು ಮಾಡ್ತವೆ. ಇದನ್ನೇ ಎಡ್ಜ್ ಎಐ ಅಂತಾರೆ.

ಇದು ಬೇಕು, ಅದರಲ್ಲಿ ಅನುಮಾನ ಇಲ್ಲ. ಮಾಮೂಲಿ ಗಾಜಿನ ಫೈಬರ್ ಕೇಬಲ್ ಒಳಗೆ ಬೆಳಕು ಓಡೋದೇ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ., ಹಾಗಾಗಿ 1000 ಕಿ.ಮೀ. ದೂರದ ಸರ್ವರ್‌ಗೆ ಹೋಗಿ ಬರೋಕೇ 10 ಮಿಲಿಸೆಕೆಂಡ್ ಬೇಕು, ಎಷ್ಟು ದುಡ್ಡು ಸುರಿದ್ರೂ ಅದು ಕಮ್ಮಿ ಆಗಲ್ಲ. ಕಣ್ಣು ಮಿಟುಕಿಸೋದ್ರೊಳಗೆ ಬ್ರೇಕ್ ಹಾಕ್ಬೇಕಾದ ಗಾಡಿಗೆ ಲೆಕ್ಕಾಚಾರ ಪಕ್ಕದಲ್ಲೇ ನಡೀಬೇಕು.

ಇದರ ಜೊತೆ ಒಂದು ಭರವಸೆ ಕೊಡ್ತಾರೆ, ನಿಮ್ಮ ಡೇಟಾ ಫೋನ್ ಬಿಟ್ಟು ಹೋಗಲ್ಲ ಅಂತ. ನಮ್ಮಮ್ಮ ನನ್ನನ್ನ ಕರೆಯೋ ಮುದ್ದಿನ ಹೆಸರು ಯಾವ ನಿಘಂಟಲ್ಲೂ ಇಲ್ಲ, ಆದ್ರೆ ಅವರು ಮೊದಲ ಎರಡಕ್ಷರ ಒತ್ತಿದ್ರೆ ಸಾಕು, ಕೀಬೋರ್ಡ್ ಪೂರ್ತಿ ಹೆಸರು ತಂದಿಡುತ್ತೆ. ಫೆಡರೇಟೆಡ್ ಲರ್ನಿಂಗ್ ಅನ್ನೋ ವಿಧಾನದಲ್ಲಿ ಹೀಗೆ ಟೈಪ್ ಮಾಡಿದ್ದು ಫೋನಲ್ಲೇ ಉಳಿಯುತ್ತೆ, ಕಲಿತದ್ದರಿಂದ ಎಐ ಪ್ರೋಗ್ರಾಂನಲ್ಲಿ, ಅಂದ್ರೆ ಮಾಡೆಲ್‌ನಲ್ಲಿ ಆದ ಬದಲಾವಣೆಯ ಅಂಕಿಗಳು ಮಾತ್ರ ಹೊರಗೆ ಹೋಗ್ತವೆ. 2017ರಲ್ಲಿ ಗೂಗಲ್ ತನ್ನ ಕೀಬೋರ್ಡಲ್ಲಿ ಇದನ್ನ ಪರೀಕ್ಷೆ ಮಾಡ್ತಿದೀವಿ ಅಂತ ಹೇಳಿತ್ತು.

ಬರೀ ಅಂಕಿ ತಾನೇ ಅಂತ ನಾನೂ ನೆಮ್ಮದಿಯಾಗಿದ್ದೆ. ಆದ್ರೆ 2019ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಅಂಕಿಗಳಿಂದಲೇ ತರಬೇತಿಗೆ ಕೊಟ್ಟ ಚಿತ್ರಗಳನ್ನ, ವಾಕ್ಯದ ಪದಗಳನ್ನ ವಾಪಸ್ ಹೊರತೆಗೆದು ತೋರಿಸಿದ್ರು. ಎಲ್ಲಾ ಸಂದರ್ಭದಲ್ಲೂ ಅದು ಸುಲಭ ಅಲ್ಲ ನಿಜ, ತುಂಬಾ ಜನರ ಅಂಕಿ ಒಟ್ಟಿಗೆ ಕೂಡಿಸಿಬಿಟ್ರೆ ಕಷ್ಟ ಆಗುತ್ತೆ. ಯಾರೊಬ್ಬರ ಅಂಕಿಯೂ ಬಿಡಿಯಾಗಿ ಕಾಣದಂಗೆ ಕೂಡಿಸೋ ವಿಧಾನ ಇದೆ, ಅಂಕಿಗಳಲ್ಲಿ ಬೇಕಂತಲೇ ಸ್ವಲ್ಪ ಏರುಪೇರು ಬೆರೆಸೋ ವಿಧಾನಾನೂ ಇದೆ. ಆದ್ರೆ ಒಂದಕ್ಕೆ ನೆಟ್‌ವರ್ಕ್ ಹೊರೆ ಜಾಸ್ತಿ, ಇನ್ನೊಂದಕ್ಕೆ ಮಾಡೆಲ್‌ನ ನಿಖರತೆ ತುಸು ಕಮ್ಮಿ ಆಗುತ್ತೆ, ಹಾಗಾಗಿ ಬೇಕಾದ್ರೆ ಹಾಕ್ಕೊಳ್ಳಿ ಅಂತ ಬಿಟ್ರೆ ಯಾವ ಕಂಪನಿಯೂ ಹಾಕ್ಕೊಳ್ಳಲ್ಲ ಅನ್ನೋದೇ ನನ್ನ ಭಯ.

ಅದೇ ಚೌಕಟ್ಟಲ್ಲಿ ರೇಡಿಯೋ ಅಲೆಗಳಿಂದಲೇ ಸುತ್ತಲಿನ ಚಲನವಲನ ಗುರುತಿಸೋ ಸೆನ್ಸಿಂಗ್ ಕೂಡ ಇದೆ. ಕೈಯಲ್ಲಿ ಫೋನೇ ಇಲ್ಲದವರ ಒಪ್ಪಿಗೆ ಯಾರು ಕೇಳ್ತಾರೆ?

6ಜಿ ಸ್ಟ್ಯಾಂಡರ್ಡ್ ಇನ್ನೂ ತಯಾರಾಗ್ತಾ ಇದೆ, ಈ ರಕ್ಷಣೆಗಳು ಅದರಲ್ಲಿ ಕಡ್ಡಾಯ ಅಂತಲೇ ಬರಬೇಕು, ಟವರ್‌ಗಳೆಲ್ಲ ನಿಂತ ಮೇಲೆ ಸೇರಿಸೋಕೆ ಹೊರಟ್ರೆ ಆಗೋ ಕೆಲಸ ಅಲ್ಲ. ನಿಮ್ಮ ವರದಿಗಾರರು ಸ್ಪೀಡ್ ಸುದ್ದಿ ಜೊತೆ ಇದನ್ನೂ ಕೇಳಿ ಬರೀಲಿ ಅಂತ ಕೇಳ್ಕೋತೀನಿ.

ಇಂತಿ,
ನಿಮ್ಮ ಓದುಗ