ಅಪ್ಪ, ಮುಂಗಡ ಕೊಡಬೇಡಿ

ಶಿಕಾಗೋ, ಫೆಬ್ರವರಿ 9

ತೀರ್ಥರೂಪರಾದ ಅಪ್ಪನವರಿಗೆ ಸುಧಾ ಮಾಡುವ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ.

ನಿಮ್ಮ ಪತ್ರ ನಿನ್ನೆ ಬಂತು. ಇಲ್ಲಿ ಗುಂಡು ಹಾರಿದ ಸುದ್ದಿಯನ್ನು ಟಿವಿಯಲ್ಲಿ ನೋಡಿದಾಗಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ಅಮ್ಮನಿಗೆ ಹೇಳಿ, ನಾನು ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ, ಏಳರೊಳಗೆ ಮನೆ ಸೇರುತ್ತೇನೆ, ಎರಡೆರಡು ಸ್ವೆಟರ್ ಹಾಕಿಕೊಳ್ಳುತ್ತೇನೆ. ನಮ್ಮ ಬೀದಿಯಲ್ಲಿ ಒಂದು ದಿನವೂ ನನಗೆ ಭಯವಾಗಿಲ್ಲ.

ಮೊನ್ನೆ ಮೊಣಕಾಲುದ್ದ ಹಿಮ ಬಿತ್ತು. ರಸ್ತೆಯಲ್ಲಿ ಕಾರು ನಿಲ್ಲುವಷ್ಟು ಜಾಗದ ಹಿಮವನ್ನು ಯಾರು ಸಲಿಕೆಯಿಂದ ಎತ್ತಿಹಾಕಿದರೋ ಆ ಜಾಗ ಅವರದು. ಹೊರಗೆ ಹೋಗುವಾಗ ಅಲ್ಲೊಂದು ಹಳೆಯ ಕುರ್ಚಿ ಇಟ್ಟು ಹೋಗುತ್ತಾರೆ, ಸಂಜೆಯವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಕಿಟಕಿಯಿಂದ ಬಸ್ಸಿನ ಸೀಟಿಗೆ ಟವೆಲ್ ಎಸೆಯುವ ಸೀನನಿಗೆ ಇದನ್ನು ಓದಿ ಹೇಳಿ. ನಮ್ಮ ಮನೆಯೊಡತಿಯ ಜಾಗವನ್ನು ನಾನೇ ತೋಡಿ ಕೊಟ್ಟೆ. ಅವರಿಗೆ ಎಪ್ಪತ್ತು ದಾಟಿದೆ.

ಅಪ್ಪ, ಪತ್ರದ ಕೊನೆಯಲ್ಲಿ ನೀವು ಬರೆದ ನಾಲ್ಕು ಸಾಲು ಓದಿದ ಮೇಲೆ ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ. ಶಂಕರ ಮಾವ ತೋರಿಸಿದ ಬಡಾವಣೆಗೆ ನಿವೃತ್ತಿಯ ಹಣವನ್ನೆಲ್ಲ ಹಾಕುತ್ತೀರಂತೆ. ಈಗ ಬರೀ ಕರಾರು ಪತ್ರ, ಐದು ವರ್ಷ ಕಂತು, ಕೊನೆಯ ಕಂತು ಮುಗಿದ ಮೇಲೆ ನೋಂದಣಿ. ಸುತ್ತ ಎತ್ತರದ ಕಾಂಪೌಂಡು, ಒಳಗೆ ‘ನಮ್ಮವರು ಮಾತ್ರ’.

ನಮ್ಮ ಮನೆಯೊಡತಿಯ ತಂದೆ ಹೀಗೆಯೇ ಮನೆ ಕೊಂಡಿದ್ದರು. ಅವರು ಮಿಸಿಸಿಪ್ಪಿಯಿಂದ ಬಂದ ಕಪ್ಪು ಜನ. ಗೃಹಸಾಲಕ್ಕೆ ಸರ್ಕಾರದ ವಿಮೆ ಇಲ್ಲಿ 1934ರಲ್ಲಿ ಶುರುವಾಯಿತು. ಕಪ್ಪು ಜನ ಇರುವ ಬೀದಿಗಳಿಗೆ ಅದು ಸಿಗುತ್ತಿರಲಿಲ್ಲ. ನಕ್ಷೆಗಳಲ್ಲಿ ಆ ಬೀದಿಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಬ್ಯಾಂಕುಗಳೂ ಮುಖ ತಿರುಗಿಸಿದವು. ಆಗ ದಲ್ಲಾಳಿಗಳು ಬಿಳಿಯರ ಬೀದಿಗೆ ಹೋಗಿ, ‘ಕಪ್ಪು ಜನ ಬರುತ್ತಿದ್ದಾರೆ, ಈಗಲೇ ಮಾರಿಬಿಡಿ’ ಎಂದು ಹೆದರಿಸಿ ಅಗ್ಗಕ್ಕೆ ಕೊಂಡರು. ಅದೇ ಮನೆಗಳನ್ನು ದುಬಾರಿ ಬೆಲೆಗೆ, ಕಂತಿನ ಕರಾರಿನ ಮೇಲೆ ಕಪ್ಪು ಕುಟುಂಬಗಳಿಗೆ ಕೊಟ್ಟರು. ಪೂರ್ತಿ ತೀರುವವರೆಗೆ ಮನೆ ಮಾರಿದವನ ಹೆಸರಿನಲ್ಲೇ. ಒಂದು ಕಂತು ತಪ್ಪಿದರೂ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. ಬಿಳಿಯರೇ ತುಂಬಿದ್ದ, ಇದೇ ಶಿಕಾಗೋದ ನಾರ್ತ್ ಲಾನ್‌ಡೇಲ್ 1950ರಿಂದ 1960ರೊಳಗೆ ಬಹುಪಾಲು ಕಪ್ಪು ಜನರ ಬಡಾವಣೆಯಾದದ್ದು ಹೀಗೆ.

ಅಲ್ಲೇ ನಮ್ಮ ಮನೆಯೊಡತಿಯ ತಂದೆ ಒಂದು ಚಳಿಗಾಲ ಕಾಯಿಲೆ ಬಿದ್ದರು, ಕಂತು ತಪ್ಪಿತು. ಆಗ ಒಂಬತ್ತು ವರ್ಷದ ಹುಡುಗಿಯಾಗಿದ್ದ ತಾವು ತಾಯಿಯ ಹೊಲಿಗೆ ಯಂತ್ರದ ಒಂದು ತುದಿ ಹಿಡಿದು ಮೆಟ್ಟಿಲಿಳಿದದ್ದನ್ನು ಅವರು ನನಗೆ ಹೇಳಿದ್ದಾರೆ. 1968ರಲ್ಲಿ ಲಾನ್‌ಡೇಲ್‌ನ ಜನ ಸಂಘ ಕಟ್ಟಿ ಕಂತು ನಿಲ್ಲಿಸಿ ಹೋರಾಡಿದರು. ಎಷ್ಟೋ ಜನರ ಕರಾರು ಬದಲಾಯಿತು. ಇವರ ಮನೆ ಅಷ್ಟರಲ್ಲಿ ಹೋಗಿ ವರ್ಷಗಳೇ ಆಗಿದ್ದವು.

‘ನಿಮ್ಮ ಬೀದಿಗೆ ಯಾರ್ಯಾರೋ ಬಾಡಿಗೆಗೆ ಬರುತ್ತಿದ್ದಾರೆ, ಬೇಗ ಹೊರಟುಬಿಡಿ’ ಎಂದು ಮಾವನ ದಲ್ಲಾಳಿ ನಿಮಗೆ ಹೇಳಿದ್ದೂ ಅದೇ ಮಾತಲ್ಲವೇ? ಭಯ ಹುಟ್ಟಿಸಿ ಹಣ ಮಾಡುವವರ ಕೈಗೆ ನಿಮ್ಮ ಮೂವತ್ತನಾಲ್ಕು ವರ್ಷದ ದುಡಿಮೆ ಹೋಗಬಾರದು. ಆ ಕಾಂಪೌಂಡಿನೊಳಗೆ ನಮ್ಮ ಮನೆಗೆಲಸದ ಜಯಮ್ಮ ದಿನವೂ ಗೇಟಿನಲ್ಲಿ ಹೆಸರು ಬರೆಸಿ ಬರಬೇಕು. ಅದನ್ನು ನೀವು ನೋಡುತ್ತ ಕೂರುತ್ತೀರಾ? ನಾನು ಬಂದ ಹೊಸತರಲ್ಲಿ ನಮ್ಮ ದೇಶದವರೇ ‘ಊರಿನ ದಕ್ಷಿಣದ ಕಡೆ, ಕಪ್ಪು ಜನರ ನಡುವೆ ಮನೆ ಮಾಡಲೇಬೇಡ’ ಎಂದಿದ್ದರು. ನಾನೂ ನಂಬಿದ್ದೆ, ನೆನೆದರೆ ನಾಚಿಕೆಯಾಗುತ್ತದೆ. ಜ್ವರ ಬಂದಾಗ ಮಾಂಸ ಹಾಕದೆ ಬಟಾಣಿ ಸೂಪು ಮಾಡಿ ಕೊಟ್ಟವರು ಇದೇ ಮನೆಯೊಡತಿ.

ಯುಗಾದಿಗೆ ಮುಂಗಡ ಕೊಡಬೇಡಿ. ಭೂ ಪರಿವರ್ತನೆಯ ಆದೇಶ, ಪ್ರಾಧಿಕಾರದ ಅನುಮೋದನೆ, ಋಣಭಾರ ಪತ್ರ, ಮೂರನ್ನೂ ಮಂಜು ಕಣ್ಣಾರೆ ನೋಡಲಿ. ನೋಡಿದ ಮೇಲೂ ಕೊಡಬೇಡಿ. ಮಾವನಿಗೆ ಬೇಸರವಾದರೆ ನನ್ನ ಹೆಸರು ಹೇಳಿ, ನಾನೇ ಮಾತನಾಡುತ್ತೇನೆ. ಫೋನಿನಲ್ಲಿ ನಿಮಗೆ ಇದನ್ನು ಹೇಳಹೊರಟರೆ ಅಳು ಬರುತ್ತದೆ, ಅದಕ್ಕೇ ಬರೆದೆ. ಮಂಜುವಿನ ಮೊಬೈಲಿಗೂ ಇದರ ಫೋಟೋ ಕಳಿಸುತ್ತೇನೆ, ತಡವಾಗಬಾರದು.

ಅಮ್ಮನ ಬಿಪಿ ಮಾತ್ರೆ ತಪ್ಪಿಸಬೇಡಿ. ನಾನು ಚೆನ್ನಾಗಿದ್ದೇನೆ, ನಿಜವಾಗಿಯೂ ಚೆನ್ನಾಗಿದ್ದೇನೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಪುಟ್ಟಿಗೆ ಬೇರೆ ಬರೆಯುತ್ತೇನೆ.

ನಿಮ್ಮ ಮಗಳು
ಸುಧಾ