ವಿಂಡೋಸ್ ಮತ್ತೆ ಹಾಕುವಾಗ ಎಸ್‌ಎಸ್‌ಡಿ ಕಾಣದಿರುವುದು ಮತ್ತು ಸ್ಟೋರೇಜ್ ಡ್ರೈವರ್ ಸರಿಯಾಗಿ ಕೊಡದಿರುವ ಬಗ್ಗೆ ದೂರು

ಇಂದ:
ಉಪ್ಪಳ, ಕುಂಬಳೆ, ಬದಿಯಡ್ಕ ಭಾಗದ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯವರು,
ಕಾಸರಗೋಡು ಜಿಲ್ಲೆ

ಗೆ:
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಮಾನ್ಯರೇ,

ನಿಮ್ಮ ಕಂಪನಿಯ ಲ್ಯಾಪ್‌ಟಾಪ್‌ಗಳಲ್ಲಿ, ಮುಖ್ಯವಾಗಿ ಇಂಟೆಲ್ 11ನೇ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್ ಇರುವ ಮಾದರಿಗಳಲ್ಲಿ, ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಲು ಹೊರಟರೆ ಡಿಸ್ಕ್ ಆರಿಸುವ ಪುಟ ಖಾಲಿಯಾಗಿ ಬರುತ್ತದೆ, ಫೈಲ್‌ಗಳನ್ನೆಲ್ಲ ಹಿಡಿದಿಡುವ ಎಸ್‌ಎಸ್‌ಡಿ ಅಲ್ಲಿ ಕಾಣುವುದಿಲ್ಲ. ಡ್ರೈವ್ ಯಾವುದೂ ಸಿಗಲಿಲ್ಲ, ಲೋಡ್ ಡ್ರೈವರ್ ಒತ್ತಿ ಎಂದು ಕೆಳಗೆ ಸೂಚನೆ ಇರುತ್ತದೆ. ಆ ಹೊತ್ತಿಗೆ ಗ್ರಾಹಕರು ನಿಮ್ಮ ಸಹಾಯವಾಣಿಗೆ ಕರೆ ಮಾಡಿದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: ಎಸ್‌ಎಸ್‌ಡಿ ಹಾಳಾಗಿದೆ, ಸರ್ವಿಸ್ ಸೆಂಟರಿಗೆ ತನ್ನಿ. ಅಲ್ಲಿ ಹಳೆಯ ಎಸ್‌ಎಸ್‌ಡಿ ತೆಗೆದು ಹೊಸತಕ್ಕೆ ಬಿಲ್ ಹಾಕುತ್ತಾರೆ. ಹಾಗೆ ಹೊರಗೆ ಹಾಕಿದ ಎಸ್‌ಎಸ್‌ಡಿಗಳು ನಮ್ಮ ಮೇಜಿಗೆ ಬಂದಾಗ ಯಾವ ದೋಷವೂ ಇಲ್ಲದೆ ಓಡುತ್ತಿರುವುದನ್ನು ನೋಡಿಯೇ ಈ ದೂರು ಬರೆಯುತ್ತಿದ್ದೇವೆ.

ಎಸ್‌ಎಸ್‌ಡಿ ಕಾಣದಿರುವ ಕಾರಣ ನಿಮ್ಮ ಎಂಜಿನಿಯರುಗಳಿಗೆ ಗೊತ್ತಿರುವುದೇ. ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಏಳುವ, ಯಂತ್ರದ ಸೆಟ್ಟಿಂಗ್‌ಗಳಿರುವ ತಂತ್ರಾಂಶದಲ್ಲಿ) ವಿಎಂಡಿ, ಅಂದರೆ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್ ಎಂಬ ಇಂಟೆಲ್‌ನ ಸ್ಟೋರೇಜ್ ಕಂಟ್ರೋಲರ್, ಆನ್ ಮಾಡಿಯೇ ನೀವು ಲ್ಯಾಪ್‌ಟಾಪ್ ಮಾರುತ್ತೀರಿ. ಆನ್ ಇದ್ದಾಗ ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ಆ ಕಂಟ್ರೋಲರಿನ ಹಿಂದೆ ಅಡಗಿರುತ್ತದೆ. ವಿಂಡೋಸ್ ಸೆಟಪ್‌ನಲ್ಲಿ ಸಾಮಾನ್ಯ ಎನ್‌ವಿಎಂಇ ಡ್ರೈವರ್ ಇದೆ, ಆದರೆ ವಿಎಂಡಿ ಕಂಟ್ರೋಲರನ್ನು ಮಾತಾಡಿಸುವ ಇಂಟೆಲ್ ಆರ್‌ಎಸ್‌ಟಿ (ರಾಪಿಡ್ ಸ್ಟೋರೇಜ್ ಟೆಕ್ನಾಲಜಿ) ಡ್ರೈವರ್ ಇಲ್ಲದಿದ್ದರೆ ಅದಕ್ಕೆ ಎಸ್‌ಎಸ್‌ಡಿ ಇದೆ ಎಂಬುದೇ ತಿಳಿಯುವುದಿಲ್ಲ. ಶಿಫ್ಟ್ ಮತ್ತು ಎಫ್10 ಒತ್ತಿ, ಡಿಸ್ಕ್‌ಗಳನ್ನು ನೋಡುವ ಡಿಸ್ಕ್‌ಪಾರ್ಟ್ ಉಪಕರಣದಲ್ಲಿ ಲಿಸ್ಟ್ ಡಿಸ್ಕ್ ಎಂಬ ಆದೇಶ ಕೊಟ್ಟರೆ ಪೆನ್‌ಡ್ರೈವ್ ಒಂದೇ ಕಾಣುವುದು ಇದೇ ಕಾರಣಕ್ಕೆ. ಕಾರ್ಖಾನೆಯಲ್ಲಿ ಹಾಕಿದ ವಿಂಡೋಸ್‌ನಲ್ಲೂ ನಿಮ್ಮ ರಿಕವರಿ ಪಾರ್ಟಿಶನ್‌ನಲ್ಲೂ ಆ ಡ್ರೈವರ್ ಮೊದಲೇ ಸೇರಿರುವುದರಿಂದ, ಕೊಂಡ ದಿನ ಯಾರಿಗೂ ತೊಂದರೆ ಕಾಣುವುದಿಲ್ಲ.

ಎಸ್‌ಎಸ್‌ಡಿ ಬದುಕಿದೆಯೇ ಎಂದು ನೋಡಲು ಸರ್ವಿಸ್ ಸೆಂಟರೇ ಬೇಕೆಂದಿಲ್ಲ. ಬಯಾಸ್‌ನ ಮಾಹಿತಿ ಪುಟದಲ್ಲಿ ಎಸ್‌ಎಸ್‌ಡಿಯ ಮಾದರಿ ಮತ್ತು ಗಾತ್ರ ಕಾಣುತ್ತಿದೆಯೇ ಎಂದು ಕೇಳಿದರೆ ಫೋನಿನಲ್ಲೇ ಅರ್ಧ ವಿಷಯ ತೀರ್ಮಾನವಾಗುತ್ತದೆ. ಕಾಣುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡ್ರೈವರನ್ನು. ಬಯಾಸ್‌ನಲ್ಲೂ ಕಾಣದಿದ್ದರೆ ಮಾತ್ರ ಎಸ್‌ಎಸ್‌ಡಿ ತನ್ನ ಎಂ.2 ಸ್ಲಾಟಿನಲ್ಲಿ ಸರಿಯಾಗಿ ಕೂತಿದೆಯೇ, ಬೇರೆ ಎಸ್‌ಎಸ್‌ಡಿ ಹಾಕಿದರೆ ಸಿಗುತ್ತದೆಯೇ ಎಂದು ನೋಡುವ ಪ್ರಶ್ನೆ. ಬಯಾಸ್‌ನಲ್ಲಿ ಕಾಣುತ್ತಿದೆಯೇ ಎಂಬ ಈ ಒಂದು ಪ್ರಶ್ನೆ ನಿಮ್ಮ ಸಹಾಯವಾಣಿಯವರು ಓದಿ ಹೇಳುವ ಪಟ್ಟಿಯಲ್ಲಿ ಇಲ್ಲ. ಅದು ಸೇರಬೇಕು.

ಇನ್ನು ನಿಮ್ಮ ಜಾಲತಾಣದ ವಿಷಯ. ಮಾದರಿಯ ಸಂಖ್ಯೆ ಕೊಟ್ಟು ಹುಡುಕಿದರೆ ಆರ್‌ಎಸ್‌ಟಿ ಸಿಗುವುದು ಒಂದು ಇಎಕ್ಸ್‌ಇ ಫೈಲ್ ಆಗಿ. ವಿಂಡೋಸ್ ಓಡುತ್ತಿರುವ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಲು ಅದು ಸಾಕು. ಆದರೆ ಈ ಡ್ರೈವರ್ ಬೇಕಾಗುವುದೇ ವಿಂಡೋಸ್ ಇಲ್ಲದ ಯಂತ್ರಕ್ಕೆ. ಸೆಟಪ್‌ನ ಲೋಡ್ ಡ್ರೈವರ್ ಇಎಕ್ಸ್‌ಇ ಓದುವುದಿಲ್ಲ, ಅದಕ್ಕೆ ಐಎನ್‌ಎಫ್, ಸಿಸ್, ಕ್ಯಾಟ್ ಫೈಲ್‌ಗಳಿರುವ ಬಿಡಿ ಫೋಲ್ಡರ್ ಬೇಕು. ಗ್ರಾಹಕರು ಇಎಕ್ಸ್‌ಇಯನ್ನೇ ಪೆನ್‌ಡ್ರೈವ್‌ಗೆ ಹಾಕಿ ಬ್ರೌಸ್ ಮಾಡುತ್ತಾರೆ, ಡ್ರೈವರ್ ಸಿಗಲಿಲ್ಲ ಎಂದು ಬರುತ್ತದೆ, ಎಸ್‌ಎಸ್‌ಡಿ ಹೋಯಿತೆಂದು ಅವರೂ ನಂಬಿಬಿಡುತ್ತಾರೆ. ನಾವು ಮಾಡುವುದೆಂದರೆ, ಇಂಟೆಲ್‌ನ ಸೆಟಪ್‌ಆರ್‌ಎಸ್‌ಟಿ ಫೈಲನ್ನು ಬೇರೊಂದು ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಕ್ಸ್‌ಟ್ರಾಕ್ಟ್‌ಡ್ರೈವರ್ಸ್ ಎಂಬ ಸ್ವಿಚ್ ಜೊತೆ ಓಡಿಸಿ ಫೋಲ್ಡರ್ ಬಿಡಿಸಿಕೊಳ್ಳುವುದು, ಅದರಲ್ಲಿ ವಿಎಂಡಿ ಹೆಸರಿನ ಫೋಲ್ಡರನ್ನು ವಿಂಡೋಸ್ ಇರುವ ಪೆನ್‌ಡ್ರೈವ್‌ಗೇ ಹಾಕುವುದು. ಲೋಡ್ ಡ್ರೈವರ್‌ನಲ್ಲಿ ಆ ಫೋಲ್ಡರ್ ತೋರಿಸಿದಾಗ ಪಟ್ಟಿ ಬರುತ್ತದೆ. 11ನೇ ತಲೆಮಾರಿಗೆ 9ಎ0ಬಿ, 12ನೆಯದಕ್ಕೆ 467ಎಫ್, 13ನೆಯದಕ್ಕೆ ಎ77ಎಫ್ ಎಂದು ಕೊನೆಯಾಗುವ ವಿಎಂಡಿ ಕಂಟ್ರೋಲರನ್ನು ಆರಿಸಿದರೆ ಎಸ್‌ಎಸ್‌ಡಿ ಪಾರ್ಟಿಶನ್ ಸಮೇತ ಕಣ್ಣೆದುರು ಬರುತ್ತದೆ. ಹೊಂದದ ಡ್ರೈವರ್ ಮರೆಮಾಡುವ ಟಿಕ್ ಹಾಕಿದ್ದಾಗ ಪಟ್ಟಿ ಪೂರ್ತಿ ಖಾಲಿಯಾದರೆ, ಆ ಪ್ಯಾಕೇಜಿನ ಆವೃತ್ತಿ ಆ ಪ್ರೊಸೆಸರಿಗೆ ಹೊಂದುವುದಿಲ್ಲ ಎಂದೇ ಅರ್ಥ. ಟಿಕ್ ತೆಗೆದು ಒತ್ತಾಯದಿಂದ ಹಾಕಿ ಉಪಯೋಗವಿಲ್ಲ, ಬೇರೆ ಆವೃತ್ತಿ ತರಬೇಕು.

ಅಂಗಡಿಯಲ್ಲಿ ಪದೇ ಪದೇ ಇದೇ ಕೆಲಸ ಮಾಡುವವರು ವಿಂಡೋಸ್‌ನ ಡಿಸ್ಮ್ ಎಂಬ ಉಪಕರಣ ಬಳಸಿ ಡ್ರೈವರನ್ನು ಪೆನ್‌ಡ್ರೈವ್‌ಗೇ ಸೇರಿಸಿಟ್ಟುಕೊಳ್ಳುತ್ತಾರೆ. ಸೆಟಪ್ ಇರುವ ಬೂಟ್.ವಿಮ್ ಫೈಲಿನ ಎರಡನೇ ಇಂಡೆಕ್ಸ್‌ಗೆ ಸೇರಿಸಿದರೆ ಸೆಟಪ್‌ಗೆ ಡಿಸ್ಕ್ ಕಾಣುತ್ತದೆ. ವಿಂಡೋಸ್ ಇರುವ ಇನ್‌ಸ್ಟಾಲ್.ವಿಮ್ ಫೈಲಿನಲ್ಲಿ ಹಾಕಲಿರುವ ಆವೃತ್ತಿಯ ಇಂಡೆಕ್ಸ್‌ಗೂ ಸೇರಿಸದಿದ್ದರೆ ಫೈಲ್ ಎಲ್ಲ ನಕಲಾದ ಮೇಲೆ ಮೊದಲ ರೀಬೂಟ್‌ನಲ್ಲೇ ನಿಂತುಬಿಡಬಹುದು. ಇಷ್ಟನ್ನು ಮನೆಯಲ್ಲಿ ಕೂತ ಗ್ರಾಹಕರಿಂದ ನಿರೀಕ್ಷಿಸುವುದು ನ್ಯಾಯವಲ್ಲ. ನೀವು ಒಂದು ಜಿಪ್ ಫೈಲ್ ಹಾಕಿದರೆ ಸಾಕಿತ್ತು.

ವಿಎಂಡಿ ಆಫ್ ಮಾಡುವುದು ಇನ್ನೊಂದು ದಾರಿ. ಒಂದೇ ಎಸ್‌ಎಸ್‌ಡಿ ಇರುವ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕುವುದಿದ್ದರೆ ಇದೇ ಸುಲಭ, ನಷ್ಟವೂ ಇಲ್ಲ. ಆದರೆ ನಿಮ್ಮ ಕೆಲವು ಮಾದರಿಗಳ ಬಯಾಸ್‌ನಲ್ಲಿ ಈ ಆಯ್ಕೆಯೇ ಕಾಣುವುದಿಲ್ಲ. ಎಲ್ಲೂ ಬರೆದಿಡದ ಒಂದು ಕೀ ಜೋಡಿ ಒತ್ತಿದರೆ ಮಾತ್ರ ಹೊರಬರುತ್ತದೆ. ಗ್ರಾಹಕರು ಹಣ ಕೊಟ್ಟು ಕೊಂಡ ಯಂತ್ರದ ಆಯ್ಕೆಯನ್ನು ಅವರಿಂದಲೇ ಬಚ್ಚಿಡುವುದಕ್ಕೆ ನಮಗೆ ಕಾರಣ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಫೋನಿನಲ್ಲಿ ಕೊಡುವ ಅರ್ಧ ಸಲಹೆ. ವಿಂಡೋಸ್ ಇನ್ನೂ ಒಳಗೆ ಇರುವಾಗಲೇ ವಿಎಂಡಿ ಆಫ್ ಮಾಡಿಸಿದರೆ, ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ ಪರದೆ ಬರುತ್ತದೆ. ಆ ವಿಂಡೋಸ್ ಆರ್‌ಎಸ್‌ಟಿ ಡ್ರೈವರ್ ಮೂಲಕವೇ ಡಿಸ್ಕ್ ಹುಡುಕಲು ಒಗ್ಗಿಕೊಂಡಿರುತ್ತದೆ. ವಿಎಂಡಿ ಮತ್ತೆ ಆನ್ ಮಾಡಿದರೆ ಸಾಮಾನ್ಯವಾಗಿ ಎಲ್ಲ ಸರಿಹೋಗುತ್ತದೆ. ಅದನ್ನು ಹೇಳುವ ಬದಲು ಪಾರ್ಟಿಶನ್ ಎಲ್ಲ ಅಳಿಸಿ ಎಂದು ಹೇಳಿದಾಗ ಫೋಟೊ, ದಾಖಲೆಗಳ ಜೊತೆ ಡ್ರೈವರ್ ಇದ್ದ ರಿಕವರಿ ಪಾರ್ಟಿಶನ್ ಕೂಡ ಹೋಗುತ್ತದೆ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಬಯಾಸ್ ಬದಲಾಯಿಸಿದ ಕೂಡಲೇ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ ಎಂದು ನಿಮ್ಮವರು ಎಚ್ಚರಿಸುವುದಿಲ್ಲ. ಎರಡು ಎಸ್‌ಎಸ್‌ಡಿ ಸೇರಿಸಿ ರೇಡ್ (ಒಂದೇ ಡಿಸ್ಕ್‌ನಂತೆ) ಮಾಡಿ ಮಾರಿದ ಮಾದರಿಗಳಲ್ಲಂತೂ ವಿಎಂಡಿ ಆಫ್ ಮಾಡಿ ಎನ್ನಲೇಬಾರದು, ಅಲ್ಲಿ ಇರುವ ದತ್ತಾಂಶಕ್ಕೇ ಕುತ್ತು.

ವಿಂಡೋಸ್ ಒಂದರದ್ದೇ ಕಥೆಯಲ್ಲ ಇದು. ಕೇರಳದ ಶಾಲೆಗಳಲ್ಲಿ ರಾಜ್ಯದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್‌ನ ಉಬುಂಟು ಆಧಾರಿತ ಗ್ನು/ಲಿನಕ್ಸ್‌ನಲ್ಲೇ ಐಟಿ ಪಾಠ ನಡೆಯುತ್ತದೆ. ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಪ್ರಾಯೋಗಿಕ ಪರೀಕ್ಷೆಗೆ ಅದರಲ್ಲೇ ಅಭ್ಯಾಸ ಮಾಡಬೇಕು. ಮನೆಯ ಲ್ಯಾಪ್‌ಟಾಪ್‌ಗೆ ಅದನ್ನು ಹಾಕಲು ಹೋದಾಗ, ಆರ್‌ಎಸ್‌ಟಿ ಆಫ್ ಮಾಡಿ ಬನ್ನಿ ಎಂದು ಇನ್‌ಸ್ಟಾಲರ್ ತಡೆಯುವುದುಂಟು. ಹಳೆಯ ತಲೆಮಾರಿನಲ್ಲಿ ಬಯಾಸ್‌ನ ಸ್ಟೋರೇಜ್ ಆಯ್ಕೆ ರೇಡ್ ಎಂದಿರುವುದನ್ನು ಎಎಚ್‌ಸಿಐ ಎಂಬ ಸಾಮಾನ್ಯ ವಿಧಾನಕ್ಕೆ ತಿರುಗಿಸಬೇಕು. ವಿಂಡೋಸ್ ಉಳಿಸಿಕೊಂಡು ಹೀಗೆ ತಿರುಗಿಸಬೇಕಾದರೆ ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಬೂಟ್ ಆಗುವಂತೆ ಇಟ್ಟು, ನಂತರ ಬಯಾಸ್ ಬದಲಾಯಿಸಿ, ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಮಾಮೂಲಿ ಬೂಟ್‌ಗೆ ಮರಳಿಸಬೇಕು. ಈ ಕ್ರಮವೂ ನಿಮ್ಮ ಕೈಪಿಡಿಯಲ್ಲಿಲ್ಲ.

ಭಾಷೆ ಮತ್ತು ದೂರದ ಬಗ್ಗೆಯೂ ಹೇಳಬೇಕಾಗಿದೆ. ಪಿನ್ ಕೋಡ್ 671ರಿಂದ ಶುರುವಾದರೆ ಕರೆ ಮಲಯಾಳಕ್ಕೆ ಹೋಗುತ್ತದೆ, ಲ್ಯಾಪ್‌ಟಾಪ್ ಕಣ್ಣೂರಿಗೆ ಹೋಗುತ್ತದೆ. ಮಂಜೇಶ್ವರದವರಿಗೆ ಪಕ್ಕದಲ್ಲೇ ಮಂಗಳೂರು, ಕಣ್ಣೂರು ನೂರು ಕಿಲೋಮೀಟರಿಗೂ ಹೆಚ್ಚು. ಬಯಾಸ್‌ನಂಥ ಸೂಕ್ಷ್ಮ ಸೂಚನೆಯನ್ನು ಕನ್ನಡದಲ್ಲಿ ಕೇಳಿಸಿಕೊಳ್ಳುವ ಅವಕಾಶ ಗಡಿನಾಡಿನ ಗ್ರಾಹಕರಿಗೂ ಇರಲಿ. ನಿಮ್ಮಲ್ಲಿ ಕನ್ನಡದ ಸಿಬ್ಬಂದಿ ಇದ್ದೇ ಇದ್ದಾರೆ, ಕೇರಳದ ಪಿನ್ ಕೋಡ್‌ಗೂ ಆ ಸಾಲನ್ನು ತೆರೆದರೆ ಆಯಿತು.

ನಮ್ಮ ಬೇಡಿಕೆಗಳು ಇವು. 11ನೇ ತಲೆಮಾರಿನಿಂದ ಈಚೆಗಿನ ಪ್ರತಿ ಮಾದರಿಯ ಪುಟದಲ್ಲೂ ಬಿಡಿ ಐಎನ್‌ಎಫ್ ಫೋಲ್ಡರ್ ಇರುವ ಜಿಪ್ ಹಾಕಿ, ಯಾವ ಕಂಟ್ರೋಲರ್ ಆರಿಸಬೇಕೆಂದು ಅಲ್ಲೇ ಬರೆಯಿರಿ. ವೈಫೈ ಡ್ರೈವರನ್ನೂ ಅದರೊಂದಿಗೆ ಇಡಿ, ವಿಂಡೋಸ್ 11 ಮೊದಲ ಬಾರಿ ಏಳುವಾಗಲೇ ಇಂಟರ್ನೆಟ್ ಕೇಳುತ್ತದೆ. ಬಯಾಸ್‌ನಲ್ಲಿ ವಿಎಂಡಿ ಆಯ್ಕೆಯನ್ನು ತೆರೆದಿಡಿ. ಡ್ರೈವರ್ ಪರೀಕ್ಷೆ ಮಾಡದೆ ಎಸ್‌ಎಸ್‌ಡಿ ಬದಲಾಯಿಸಿ ಬಿಲ್ ಮಾಡಿದ ಪ್ರಕರಣಗಳನ್ನು ಮತ್ತೆ ನೋಡಿ, ಹಳೆಯ ಎಸ್‌ಎಸ್‌ಡಿ ಓಡುತ್ತಿದ್ದರೆ ಹಣ ಹಿಂದಿರುಗಿಸಿ. ಬದಲಾಯಿಸಿದ ಎಸ್‌ಎಸ್‌ಡಿಯನ್ನು ಇನ್ನು ಮುಂದೆ ಗ್ರಾಹಕರ ಕೈಗೇ ಕೊಡಿ, ಅದರಲ್ಲಿ ಇರುವುದು ಅವರ ದಾಖಲೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(11)ನೇ ಕಲಂ ಪ್ರಕಾರ ಗ್ರಾಹಕರಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವಾ ನ್ಯೂನತೆಯೇ. 34ನೇ ಕಲಂ ಪ್ರಕಾರ ಗ್ರಾಹಕರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಈ ಪತ್ರ ತಲುಪಿದ 30 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ಬಿಲ್ ಮತ್ತು ಹಳೆಯ ಎಸ್‌ಎಸ್‌ಡಿ ಇಟ್ಟುಕೊಂಡಿರುವ ಗ್ರಾಹಕರು 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತಾರೆ. ಎಸ್‌ಎಸ್‌ಡಿಗಳ ಪರೀಕ್ಷಾ ವಿವರವನ್ನು ನಾವು ಅವರಿಗೆ ಬರೆದುಕೊಡುತ್ತೇವೆ.

ಇತಿ,
ಉಪ್ಪಳ, ಕುಂಬಳೆ, ಬದಿಯಡ್ಕ ಭಾಗದ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯವರು