ಸಣ್ಣ ಟರ್ಬೊ ಎಂಜಿನ್‌ಗಳ ಟ್ಯೂನಿಂಗ್: ಸದಸ್ಯರ ಗಮನಕ್ಕೆ

ಸದಸ್ಯರೇ, ‘ರೀಮ್ಯಾಪ್ (ಎಂಜಿನ್ ನಿಯಂತ್ರಿಸುವ ಸಾಫ್ಟ್‌ವೇರ್‌ನ ಮರುಹೊಂದಿಕೆ) ಮಾಡಿಸಿದರೆ ಎಷ್ಟು ಅಶ್ವಶಕ್ತಿ ಹೆಚ್ಚುತ್ತದೆ?’ ಎಂಬ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಈ ಸೂಚನೆ.

ಅವಕಾಶ ಇರುವುದು ನಿಜ. ಟೊಯೋಟಾದ 1.6 ಲೀಟರ್, ಮೂರು ಸಿಲಿಂಡರ್ ಎಂಜಿನ್ ಯುರೋಪಿನ ಮೊದಲ ಜಿಆರ್ ಯಾರಿಸ್‌ನಲ್ಲಿ 261 ಅಶ್ವಶಕ್ತಿ ಕೊಟ್ಟರೆ, ಜಿಆರ್ ಕೊರೊಲಾದಲ್ಲಿ 304ಕ್ಕೇರಿತು. ಆದರೆ ಅದು ಬರೀ ಸಾಫ್ಟ್‌ವೇರ್ ಕೈಚಳಕವಲ್ಲ. ಎಕ್ಸಾಸ್ಟ್ ವ್ಯವಸ್ಥೆಯನ್ನೂ ಬದಲಿಸಿದ್ದರು.

ನಿಜವಾದ ಶತ್ರು ಶಾಖ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸಿದಷ್ಟೂ ಒತ್ತಿದ ಗಾಳಿ ಬಿಸಿಯಾಗುತ್ತದೆ. ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಚಿಕ್ಕದಾದರೆ ಒಂದೆರಡು ಜೋರು ಓಟಗಳಿಗೇ ಸುಸ್ತಾಗುತ್ತದೆ. ಆಮೇಲೆ ನಾಕ್ (ಸಿಲಿಂಡರ್‌ನೊಳಗೆ ಇಂಧನ ಅಂಕೆ ಮೀರಿ ಸಿಡಿಯುವುದು) ಸುಳಿವು ಸಿಕ್ಕೊಡನೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರಿಸುವ ಕ್ಷಣವನ್ನು, ಹಿಂದಕ್ಕೆಳೆಯುತ್ತದೆ. ದುಡ್ಡು ಕೊಟ್ಟು ಪಡೆದ ಶಕ್ತಿ ಅಲ್ಲಿಗೇ ಮಾಯ. ಹಾಗಾಗಿ ಮೊದಲು ಇಂಟರ್‌ಕೂಲರ್, ನಂತರ ರೀಮ್ಯಾಪ್ ಎನ್ನುವವನು ನಾನು.

ಇನ್ನೊಂದು ಅಪಾಯ: ಸಿಲಿಂಡರ್‌ಗೇ ನೇರವಾಗಿ ಇಂಧನ ಚಿಮ್ಮಿಸುವ ಎಂಜಿನ್‌ಗಳಲ್ಲಿ 1,500–2,000 ಆರ್‌ಪಿಎಂನಲ್ಲೇ ವಿಪರೀತ ಟಾರ್ಕ್ (ತಿರುಗಿಸುವ ಬಲ) ತುಂಬಿದರೆ ಅಕಾಲಿಕ ದಹನವಾಗಿ ಪಿಸ್ಟನ್ ಒಡೆಯಬಹುದು. ಕ್ಲಚ್ ಜಾರುವುದು ಅದರ ಮುಂದೆ ಸಣ್ಣ ತಲೆನೋವು.

ಇನ್ನು ಮುಂದೆ ಪ್ರಶ್ನೆಯ ಜೊತೆ ಇಂಧನದ ಆಕ್ಟೇನ್ (ನಾಕ್ ತಡೆಯುವ ಶಕ್ತಿಯ ಅಳತೆ), ಎಂಜಿನ್‌ಗೆ ಹೋಗುವ ಗಾಳಿಯ ಉಷ್ಣತೆ, ಟೈಮಿಂಗ್ ಕಡಿತ ಇರುವ ಲಾಗ್ (ಓಟದ ದಾಖಲೆ) ಹಾಕಿ. ಬರೀ ಡೈನೊ (ಶಕ್ತಿ ಅಳೆಯುವ ಯಂತ್ರ) ಚೀಟಿಯ ಗರಿಷ್ಠ ಅಂಕಿಗೆ ಉತ್ತರ ನಿರೀಕ್ಷಿಸಬೇಡಿ.